ಎರಿ ಇರಲಿ, ಮಸಾರಿ ಇರಲಿ: ಹೊಲದ ಸಾವಯವ ಇಂಗಾಲ ಹೆಚ್ಚಿಸಲು ಸಮಗ್ರ ಮಾರ್ಗದರ್ಶಿ

ಮಣ್ಣು ಆರೋಗ್ಯ ಕಾರ್ಡ್ ಕೈಗೆ ಬಂದ ಕೂಡಲೇ ಬಹುತೇಕರ ಕಣ್ಣು ಹೋಗುವುದು ಸಾರಜನಕ, ರಂಜಕ, ಪೊಟ್ಯಾಷ್ ಸಾಲುಗಳ ಮೇಲೆ. ಯೂರಿಯಾ ಎಷ್ಟು ಚೀಲ, ಡಿಎಪಿ ಎಷ್ಟು ಚೀಲ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಮಣ್ಣು ಪರೀಕ್ಷೆ ಯೋಜನೆಯ ಕಾರ್ಡಿನಲ್ಲಿ 12 ಅಂಶಗಳ ವಿವರ ಇರುತ್ತದೆ. ಅದರಲ್ಲಿ ಮೊದಲು ಓದಬೇಕಾದದ್ದು ಸಾವಯವ ಇಂಗಾಲದ ಸಾಲು, ಅಂದರೆ ಕೊಳೆತ ಕಸ, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ. ಅದು ಶೇ. 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’, ಅದಕ್ಕೂ ಮೇಲಿದ್ದರೆ ‘ಹೆಚ್ಚು’. ಬಿಸಿಲು ಜೋರು, ಮಳೆ ಕಡಿಮೆ ಇರುವ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಬಯಲುಸೀಮೆಯಲ್ಲಿ ಮಣ್ಣಿನೊಳಗಿನ ಇಂಗಾಲ ಬೇಗ ಕರಗಿ ಗಾಳಿಗೆ ಸೇರುತ್ತದೆ. ಹಾಗಾಗಿ ನಿಮ್ಮ ಕಾರ್ಡಿನಲ್ಲಿ ‘ಕಡಿಮೆ’ ಎಂದು ಬಂದಿದ್ದರೆ ಅಚ್ಚರಿಯಿಲ್ಲ.

ಆ ಒಂದು ಸಾಲಿಗೆ ಇಷ್ಟು ಮಹತ್ವ ಯಾಕೆ? ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಹಾರ ಅದೇ. ಅವು ಉಂಡು ಬಿಡುವ ಅಂಟಿನಿಂದಲೇ ಮಣ್ಣಿನ ಕಣಗಳು ಒಂದಕ್ಕೊಂದು ಕೂಡಿ ಹರಳುಗಟ್ಟುತ್ತವೆ. ಹರಳುಗಟ್ಟಿದ ಮಣ್ಣಿನ ನಡುವೆ ಸಂದು ಇರುತ್ತದೆ, ಸಂದಿನಲ್ಲಿ ಮಳೆ ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಹಾಕಿದ ರಸಗೊಬ್ಬರ ಕೊಚ್ಚಿ ಹೋಗದೆ ಬೆಳೆಯ ಬಾಯಿಗೆ ಬೀಳುವುದೂ ಇದರ ಮೇಲೆ ನಿಂತಿದೆ. ಮಳೆ ಕೈಕೊಟ್ಟ ವರ್ಷ ಒಂದೇ ಊರಿನ ಎರಡು ಹೊಲಗಳಲ್ಲಿ ಒಂದು ಹದಿನೈದು ದಿನ ಹೆಚ್ಚು ತಡೆದುಕೊಂಡರೆ, ಮಣ್ಣಿನ ಆಳದ ಜೊತೆಗೆ ಇದನ್ನೂ ವಿಚಾರಿಸಬೇಕು.

ಹವಾಮಾನದ ಪ್ರಶ್ನೆಯೂ ಇದೇ ಸಾಲಿನಲ್ಲಿದೆ. ಜಗತ್ತಿನ ನೆಲದ ಮೇಲಿನ ಒಂದು ಮೀಟರ್ ಆಳದಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲ ಇದೆ. ಇಡೀ ವಾತಾವರಣದಲ್ಲಿ ಇರುವ ಇಂಗಾಲ ಸುಮಾರು 870 ಶತಕೋಟಿ ಟನ್. ಇದನ್ನೇ ನಿಮ್ಮ ಹೊಲದ ಲೆಕ್ಕಕ್ಕೆ ಇಳಿಸಿ ನೋಡೋಣ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 800ರಿಂದ 900 ಟನ್ ತೂಗುತ್ತದೆ. ಅದರಲ್ಲಿ ಇಂಗಾಲ ಶೇ. 0.1ರಷ್ಟು ಏರಿತು ಎಂದರೆ 0.8ರಿಂದ 0.9 ಟನ್ ಇಂಗಾಲ ನೆಲ ಸೇರಿತು. ಒಂದು ಟನ್ ಇಂಗಾಲ ಅಂದರೆ ಗಾಳಿಯಲ್ಲಿನ 3.67 ಟನ್ ಇಂಗಾಲದ ಡೈಆಕ್ಸೈಡ್. ಅಂದರೆ ಎಕರೆಗೆ ಮೂರು ಟನ್ನಿನ ಆಸುಪಾಸು. ಕಾರ್ಡಿನಲ್ಲಿ 0.4 ಇದ್ದದ್ದು 0.5 ಆಗುವುದು ನೋಡಲು ಸಣ್ಣ ವ್ಯತ್ಯಾಸ, ಆದರೆ ಅದರ ಹಿಂದಿರುವ ತೂಕ ಇಷ್ಟು. ಇದು ಒಂದು ಹಂಗಾಮಿನಲ್ಲಿ ಆಗುವುದಿಲ್ಲ, ವರ್ಷಗಳೇ ಹಿಡಿಯುತ್ತವೆ. ಏರಿದ್ದು ನಿರ್ಲಕ್ಷ್ಯ ಮಾಡಿದರೆ ಮತ್ತೆ ಇಳಿಯುತ್ತದೆ ಎಂಬುದೂ ಗೊತ್ತಿರಲಿ.

ಹೆಜ್ಜೆ 1: ನಿಮ್ಮದು ಯಾವ ಮಣ್ಣು?

ನವಲಗುಂದ, ನರಗುಂದ, ರೋಣ, ಅಣ್ಣಿಗೇರಿ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಜೇಡಿ ಅಂಶ ಬಹಳ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಹುಟ್ಟುಗುಣ. ಹಿಂಗಾರಿ ಜೋಳ, ಕಡಲೆ, ಕುಸುಬಿ ಮಳೆಯಿಲ್ಲದೆ ಬರೀ ಮಣ್ಣಿನ ತಂಪಿನ ಮೇಲೆ ಬರುವುದು ಅದರಿಂದಲೇ. ಶಿರಹಟ್ಟಿ, ಕಪ್ಪತಗುಡ್ಡದ ಸುತ್ತಮುತ್ತ, ಹಾವೇರಿ ಜಿಲ್ಲೆಯ ಹಲವು ಕಡೆ ಇರುವ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ನೀರು ಬೇಗ ಇಳಿಯುತ್ತದೆ, ಅಷ್ಟೇ ಬೇಗ ಆರುತ್ತದೆ. ಕಲಘಟಗಿ, ಹಾನಗಲ್ ಕಡೆ ಮಳೆ ಹೆಚ್ಚು, ಮಣ್ಣು ಹುಳಿಯತ್ತ ವಾಲಿರುತ್ತದೆ, ಅಲ್ಲಿ ಸುಣ್ಣದ ಅಗತ್ಯ ಬೀಳಬಹುದು. ಕೆಳಗೆ ಹೇಳುವ ಪ್ರತಿ ಕೆಲಸವೂ ಈ ಮೂರು ಮಣ್ಣಿಗೆ ಒಂದೇ ರೀತಿ ಹೊಂದುವುದಿಲ್ಲ, ಹಾಗಾಗಿ ಇಲ್ಲಿಂದಲೇ ಶುರು ಮಾಡಬೇಕು.

ಹೆಜ್ಜೆ 2: ಮಾದರಿ ತೆಗೆಯುವುದು

ಹಿಂಗಾರಿ ಬೆಳೆ ತೆಗೆದ ಮೇಲೆ, ತಿಪ್ಪಿಗೊಬ್ಬರ ಹಾಕುವ ಮೊದಲು, ಬೇಸಿಗೆಯಲ್ಲಿ ಮಾದರಿ ತೆಗೆಯಿರಿ. ಎರಿ ಮತ್ತು ಮಸಾರಿ ಒಂದೇ ಸರ್ವೆ ನಂಬರಿನಲ್ಲಿದ್ದರೂ ಮಾದರಿ ಬೇರೆ ಬೇರೆ ಇರಲಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಎಂಟು ಹತ್ತು ಜಾಗ ಗುರುತಿಸಿ. ಒಡ್ಡಿನ ಬದಿ, ಗಿಡದ ನೆರಳು, ತಿಪ್ಪಿ ಇದ್ದ ಜಾಗ, ದನ ಕಟ್ಟುವ ಜಾಗ ಬಿಡಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರಕ್ಕೆ ಆರು ಇಂಚು ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರು ಕೆತ್ತಿ ತೆಗೆಯಿರಿ. ಮೇಲಿನ ಎರಡು ಇಂಚು ಮಾತ್ರ ಬಳಿದು ತಂದರೆ ಇಂಗಾಲದ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಎಲ್ಲವನ್ನೂ ಸ್ವಚ್ಛ ಬಟ್ಟೆಯ ಮೇಲೆ ಸುರಿದು ಹೆಂಟೆ ಒಡೆದು ಕಲಸಿ. ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡಿ, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡಿ. ಕೊನೆಗೆ ಅರ್ಧ ಕೆಜಿ ಉಳಿಯಬೇಕು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ, ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಹಾಕಿ. ರಸಗೊಬ್ಬರದ ಹಳೆ ಚೀಲದಲ್ಲಿ ಮಾತ್ರ ತುಂಬಬೇಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಡಬಹುದು. ಹುಲಕೋಟಿ ಮತ್ತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹತ್ತಿರದಲ್ಲಿವೆ.

ಹೆಜ್ಜೆ 3: ಮನೆಯಲ್ಲೇ ಮಾಡುವ ಎರಡು ಪರೀಕ್ಷೆ

ಪ್ರಯೋಗಾಲಯದ ವರದಿ ಬರುವವರೆಗೆ ಕಾಯುವುದು ಬೇಡ. ಹೊಲದಿಂದ ಲಿಂಬೆಹಣ್ಣಿಗಿಂತ ಸಣ್ಣದಾದ ಹೆಂಟೆ ತಂದು ಚೆನ್ನಾಗಿ ಒಣಗಿಸಿ. ಅದೇ ಹೊಲದ ಒಡ್ಡಿನ ಮೇಲೆ, ವರ್ಷಾನುಗಟ್ಟಲೆ ರಂಟಿ ತಾಗದೆ ಹುಲ್ಲು ಬೆಳೆದ ಜಾಗದಿಂದ ಇನ್ನೊಂದು ಹೆಂಟೆ ತನ್ನಿ. ಎರಡು ಗಾಜಿನ ಲೋಟಕ್ಕೆ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ತುಂಬಿ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಇಂಗಾಲ ಕಡಿಮೆಯಾದ ಹೆಂಟೆಯಿಂದ ಗುಳ್ಳೆ ಎದ್ದು, ನೋಡ ನೋಡುತ್ತಲೇ ಅಂಚು ಉದುರಿ, ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಹಿಟ್ಟಿನ ಗುಡ್ಡೆಯಾಗುತ್ತದೆ. ಒಡ್ಡಿನ ಹೆಂಟೆಯಲ್ಲಿ ಸಣ್ಣ ಬೇರು ಹೆಣೆದುಕೊಂಡಿದ್ದರಿಂದ ಅದು ಸಾಮಾನ್ಯವಾಗಿ ಬಹಳ ಹೊತ್ತು ಆಕಾರ ಬಿಡುವುದಿಲ್ಲ, ನೀರೂ ತಿಳಿಯಾಗಿರುತ್ತದೆ. ಎರಡೂ ಒಂದೇ ನೆಲದ ಮಣ್ಣು, ನಡುವೆ ಇರುವುದು ಕೆಲವೇ ಮಾರು ದೂರ. ಲೋಟದಲ್ಲಿ ಆದದ್ದೇ ಮೊದಲ ದೊಡ್ಡ ಮಳೆಗೆ ಹೊಲದಲ್ಲೂ ಆಗುತ್ತದೆ: ಮೇಲ್ಪದರು ಕರಗಿ ಹೆಪ್ಪುಗಟ್ಟಿ, ಸಂದುಗಳು ಮುಚ್ಚಿ, ನೀರು ಹಳ್ಳದ ಕಡೆ ಓಡುತ್ತದೆ.

ಇಲ್ಲಿ ಇನ್ನೊಂದು ಸೂಚನೆ ಸಿಗುತ್ತದೆ. ಹೆಂಟೆ ಕುಸಿಯುವುದರ ಜೊತೆಗೆ ಅದರ ಸುತ್ತ ಹಾಲಿನಂಥ ಮಬ್ಬು ಹರಡಿ ಮರುದಿನವೂ ತಿಳಿಯಾಗದಿದ್ದರೆ ಅದು ಬರೀ ಇಂಗಾಲದ ಕೊರತೆಯಲ್ಲ, ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ ಎಂದು ಅನುಮಾನಿಸಬೇಕು. ಕಾಲುವೆ ನೀರಿನ ಎರಿಯಲ್ಲಿ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಎರಡನೆಯದು ನೀರು ಇಂಗುವ ಪರೀಕ್ಷೆ. ಆರು ಇಂಚು ಅಗಲದ ಡಬ್ಬಿಯ ಎರಡೂ ಬದಿ ಕತ್ತರಿಸಿ, ನೆಲಕ್ಕೆ ಎರಡು ಮೂರು ಇಂಚು ಇಳಿಯುವಂತೆ ಬಡಿಯಿರಿ. 450 ಮಿಲಿ ನೀರು ಹಾಕಿದರೆ ಒಂದು ಇಂಚು ಮಳೆ ಬಿದ್ದಂತೆ. ಮೊದಲ ಸಲದ್ದು ಒಣ ಮಣ್ಣು ಕುಡಿಯುತ್ತದೆ, ಎರಡನೇ ಸಲ ಹಾಕಿದ ನೀರು ಇಂಗಲು ಹಿಡಿದ ಸಮಯವನ್ನು ಬರೆದಿಡಿ. ಎರಿಯಲ್ಲಿ ಇದನ್ನು ಮಳೆಯಾಗಿ ಬಿರುಕು ಮುಚ್ಚಿದ ಮೇಲೆ ಮಾಡಬೇಕು, ಇಲ್ಲವಾದರೆ ನೀರು ಬಿರುಕಿನೊಳಗೆ ಹೋಗಿ ಸುಳ್ಳು ಲೆಕ್ಕ ಬರುತ್ತದೆ.

ಹೆಜ್ಜೆ 4: ಹೋಗುವುದನ್ನು ಮೊದಲು ತಡೆಯಿರಿ

ಗೊಬ್ಬರ ತರುವ ಮೊದಲು ಇರುವ ಮಣ್ಣು ಹೊಲದಲ್ಲಿ ನಿಲ್ಲಬೇಕು. ಇಂಗಾಲ ಹೆಚ್ಚಿರುವುದು ಮೇಲಿನ ಪದರಿನಲ್ಲಿ, ಮಳೆಗೆ ಮೊದಲು ಹರಿದು ಹೋಗುವುದೂ ಅದೇ. ಹಾಗಾಗಿ ನನ್ನ ಕ್ರಮದಲ್ಲಿ ಒಡ್ಡಿನ ಕೆಲಸ ಗೊಬ್ಬರಕ್ಕಿಂತ ಮುಂದೆ. ಬೇಸಿಗೆಯಲ್ಲೇ ಒಡೆದ ಒಡ್ಡು ಕಟ್ಟಿ, ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ ಮಾಡಿ. ಒಡ್ಡಿನ ಮೇಲೆ ಹುಲ್ಲು ಮತ್ತು ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಹಚ್ಚಿ. ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಸಾರಜನಕ ಹೆಚ್ಚು, ಕಡಿದಷ್ಟೂ ಚಿಗುರುತ್ತದೆ. ಬಿತ್ತುವ ಕೂರಿಗೆ ಇಳಿಜಾರಿಗೆ ಅಡ್ಡ ನಡೆಯಬೇಕು. ಹೊಲ ಉದ್ದವಾಗಿದೆ, ತಿರುವು ಕಡಿಮೆಯಾಗುತ್ತದೆ ಎಂದು ಟ್ರ್ಯಾಕ್ಟರನ್ನು ಇಳಿಜಾರಿನಗುಂಟ ಓಡಿಸಿದರೆ ಪ್ರತಿ ಸಾಲೂ ಮಣ್ಣು ಸಾಗಿಸುವ ಕಾಲುವೆಯಾಗುತ್ತದೆ.

ಹಿಂಗಾರಿ ಒಂದೇ ಬೆಳೆ ತೆಗೆಯುವ ಎರಿ ಹೊಲವಿದ್ದರೆ ಮುಂಗಾರಿ ಮಳೆಗೆ ಚೌಕುಮಡಿ ಮಾಡಿ. ಇಳಿಜಾರು ನೋಡಿಕೊಂಡು 10ರಿಂದ 15 ಅಡಿ ಚೌಕದ ಮಡಿಗಳು ಸಾಕು. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ, ಬಿತ್ತುವ ಮುಂಚೆ ಹರಗಿ ಸಮ ಮಾಡಿಕೊಂಡರಾಯಿತು. ಮಸಾರಿಯಲ್ಲಿ ಎಡೆಸಾಲು ತೆಗೆದು ಅಲ್ಲಲ್ಲಿ ಮಣ್ಣಿನ ತಡೆ ಕೊಡುವುದು ಚಲೋ. ಪ್ರತಿ ಹಂಗಾಮಿಗೂ ರೋಟಾವೇಟರ್ ಹೊಡೆಯುವ ರೂಢಿ ಬಿಡಿ. ಹೊಲ ನೋಡಲು ಹಸನಾಗಿ ಕಾಣುತ್ತದೆ ನಿಜ, ಆದರೆ ಹರಳು ಪುಡಿಯಾಗಿ, ಕೆಳಗೆ ಗಟ್ಟಿ ಪದರು ಕೂಡುತ್ತದೆ.

ಇನ್ನು ಬೆಂಕಿ. ಗೋವಿನಜೋಳದ ದಂಟು, ಕಬ್ಬಿನ ರವದಿ, ಹತ್ತಿಕಟ್ಟಿಗೆಗೆ ಬೆಂಕಿ ಹಚ್ಚುವುದನ್ನು ಹಾವೇರಿ ಕಡೆಯಿಂದ ಧಾರವಾಡದವರೆಗೆ ಕಾಣುತ್ತೇವೆ. ಸುಟ್ಟಾಗ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತವೆ, ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣದಂಥ ಒಂದಿಷ್ಟು ಅಂಶ. ರೈತರ ಕಷ್ಟವೂ ಸುಳ್ಳಲ್ಲ: ಆಳು ಸಿಗುವುದಿಲ್ಲ, ಮುಂದಿನ ಬಿತ್ತಿಗೆಗೆ ದಿನ ಇರುವುದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ದಂಟು ಕತ್ತರಿಸುವ ಯಂತ್ರ ಬಾಡಿಗೆಗೆ ಇದೆಯೇ ವಿಚಾರಿಸಿ, ನಾಲ್ಕೈದು ಜನ ಕೂಡಿ ತಂದರೆ ಖರ್ಚು ಹಂಚಿಹೋಗುತ್ತದೆ. ಹತ್ತಿಕಟ್ಟಿಗೆಯನ್ನು ಹೊಲದ ಬದಿಗೆ ಒಟ್ಟಿಡಬೇಡಿ, ಗುಲಾಬಿ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆ. ಪುಡಿ ಮಾಡಿ ಗುಂಡಿಗೆ ಹಾಕುವುದೇ ಸರಿ.

ಹೆಜ್ಜೆ 5: ಮಣ್ಣಿಗೆ ಉಣಿಸುವುದು

ತಿಪ್ಪಿಯಿಂದ ಶುರು ಮಾಡೋಣ. ಬಯಲಲ್ಲಿ ಬಿಸಿಲಿಗೆ ಒಣಗಿ, ಮಳೆಗೆ ತೊಯ್ದು ಕಪ್ಪು ನೀರು ಹರಿಯುವ ತಿಪ್ಪಿಯಲ್ಲಿ ಕೊನೆಗೆ ಉಳಿಯುವ ಸತ್ವ ಕಡಿಮೆ. ಗುಂಡಿ ಮೂರು ಅಡಿ ಆಳ, ಐದಾರು ಅಡಿ ಅಗಲ ಇರಲಿ, ಉದ್ದ ನಿಮ್ಮಲ್ಲಿರುವ ಕಸದ ಮೇಲೆ. ನೆರಳಿರುವ, ನೀರು ನಿಲ್ಲದ ಜಾಗ ಆರಿಸಿ. ತಳಕ್ಕೆ ದಪ್ಪ ಕಸ, ಮೇಲೆ ಅರ್ಧ ಅಡಿ ಪುಡಿ ಮಾಡಿದ ದಂಟು ಅಥವಾ ಹೊಟ್ಟು, ಅದರ ಮೇಲೆ ಹೆಂಡಿ ಕಲಸಿದ ನೀರು, ತೆಳ್ಳಗೆ ಮಣ್ಣು, ಮತ್ತೆ ಕಸ. ಹೀಗೆ ನೆಲಕ್ಕಿಂತ ಒಂದೆರಡು ಅಡಿ ಮೇಲೆ ಬರುವವರೆಗೆ ತುಂಬಿ ಕೆಸರಿನಿಂದ ಮೆತ್ತಿ. ತೇವ ಸರಿಯಿದೆಯೇ ಎಂದು ತಿಳಿಯಲು ಒಳಗಿನಿಂದ ಒಂದು ಹಿಡಿ ತೆಗೆದು ಹಿಂಡಿ: ಅಂಗೈ ಒದ್ದೆಯಾಗಬೇಕು, ಹನಿ ಸುರಿಯಬಾರದು. ತಿಂಗಳಿಗೊಮ್ಮೆ ತಿರುವಿದರೆ ಮೆದು ಕಸ ಮೂರು ನಾಲ್ಕು ತಿಂಗಳಿಗೆ ಗೊಬ್ಬರವಾಗುತ್ತದೆ, ಹತ್ತಿಕಟ್ಟಿಗೆಗೆ ಇನ್ನೂ ಸಮಯ ಬೇಕು. ನೀರು ನಿಂತು ಕೊಳೆತ ಗುಂಡಿಯಿಂದ ಮೀಥೇನ್ ಏಳುತ್ತದೆ. ಗಬ್ಬು ವಾಸನೆ ಬಂದರೆ ಕೂಡಲೇ ತಿರುವಿ ಗಾಳಿ ಆಡಿಸಿ.

ಗೊಬ್ಬರ ಹೊಲಕ್ಕೆ ಹೋದ ಮೇಲಿನ ರೂಢಿಯನ್ನೂ ಬದಲಿಸಬೇಕು. ಏಪ್ರಿಲ್‌ನಲ್ಲಿ ಟ್ರ್ಯಾಕ್ಟರಿನಿಂದ ಸುರಿದ ಗುಡ್ಡೆಗಳು ರೋಹಿಣಿ ಮಳೆಯವರೆಗೂ ಸುಡು ಬಿಸಿಲಿಗೆ ಹಾಗೆಯೇ ಬಿದ್ದಿರುತ್ತವೆ. ಅಷ್ಟರಲ್ಲಿ ಸಾರಜನಕದ ದೊಡ್ಡ ಪಾಲು ಗಾಳಿಗೆ ಹೋಗಿರುತ್ತದೆ. ಗುಡ್ಡೆ ಹಾಕಿದ ದಿನವೇ ಹರವಿ, ಅಂದೇ ಇಲ್ಲವೇ ಮರುದಿನ ಕುಂಟಿ ಹೊಡೆದು ಮಣ್ಣಿನೊಳಗೆ ಸೇರಿಸಿ. ಒಣ ಬೇಸಾಯಕ್ಕೆ ಎಕರೆಗೆ ಎರಡು ಮೂರು ಟನ್ ಸಿಕ್ಕರೂ ಒಳ್ಳೆಯದೇ. ಇಡೀ ಜಮೀನಿಗೆ ಸಾಲದಿದ್ದರೆ ತೆಳ್ಳಗೆ ಹರಡಬೇಡಿ, ಪ್ರತಿ ವರ್ಷ ಒಂದೊಂದು ಭಾಗಕ್ಕೆ ಪೂರ್ತಿ ಕೊಡಿ.

‘ದನಾನ ಇಲ್ರಿ, ಗೊಬ್ಬರ ಎಲ್ಲಿಂದ ತರೋದು?’ ಈಗ ಹೆಚ್ಚು ಕೇಳಿಬರುವ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು. ಹಾಗಿದ್ದರೆ ಗೊಬ್ಬರವನ್ನು ಹೊಲದಲ್ಲೇ ಬೆಳೆಯಬೇಕು. ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಹೊಂದುವ ದಾರಿ ಮುಂಗಾರಿ ಹೆಸರು. ಎರಡೂಕಾಲು ತಿಂಗಳಲ್ಲಿ ಕಾಯಿ ಬಿಡಿಸಿಕೊಂಡು ಹಸಿ ಬಳ್ಳಿಯನ್ನು ಮಣ್ಣಿಗೆ ಸೇರಿಸಿ, ಹಿಂಗಾರಿಗೆ ಜೋಳ ಅಥವಾ ಕಡಲೆ. ರೊಕ್ಕವೂ ಬಂತು, ಬೇರಿನ ಗಂಟಿನಲ್ಲಿ ಹಿಡಿದ ಸಾರಜನಕವೂ ನೆಲಕ್ಕೆ ಸಿಕ್ಕಿತು. ಬಿತ್ತುವ ಮೊದಲು ಬೀಜಕ್ಕೆ ಸಾರಜನಕ ಹಿಡಿಯುವ ಜೀವಾಣು ಗೊಬ್ಬರ ರೈಜೋಬಿಯಂ ಲೇಪಿಸಿ ನೆರಳಲ್ಲಿ ಆರಿಸಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಜೀವಾಣು ಗೊಬ್ಬರ ಕೊನೆಗೆ.

ನೀರಿನ ಅನುಕೂಲ ಇದ್ದವರು ಹಸಿರೆಲೆ ಗೊಬ್ಬರದ ಬೆಳೆಗಳಾದ ಸೆಣಬು ಅಥವಾ ಡಯಂಚಾ ಎಕರೆಗೆ ಸುಮಾರು 15ರಿಂದ 20 ಕೆಜಿ ಬಿತ್ತಿ, 45ರಿಂದ 50 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಮಣ್ಣಿನೊಳಗೆ ಮುಚ್ಚಿ. ತಡವಾದರೆ ಕಾಂಡ ನಾರಾಗಿ ಕೊಳೆಯುವುದಿಲ್ಲ. ಮಳೆ ಕಡಿಮೆ ಇರುವ ರೋಣ, ಗಜೇಂದ್ರಗಡದ ಕಡೆ ಹಿಂಗಾರಿ ಬೆಳೆಗೆ ಬೇಕಾದ ತಂಪನ್ನು ಹಸಿರೆಲೆ ಗೊಬ್ಬರ ಕುಡಿದುಬಿಡಬಹುದು, ಅಲ್ಲಿ ಒಡ್ಡಿನ ಗ್ಲಿರಿಸಿಡಿಯಾ ಸೊಪ್ಪು ಹೆಚ್ಚು ಸುರಕ್ಷಿತ.

ಸುಗ್ಗಿಯ ನಂತರ ಕುರಿಗಾರರು ಊರ ಕಡೆ ಬಂದಾಗ ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುವ ಹಳೆಯ ಪದ್ಧತಿ ಇಂದಿಗೂ ಬೆಲೆಯುಳ್ಳದ್ದು. ಹಿಕ್ಕೆ, ಗಂಜಲ ಎರಡೂ ಬೀಳುತ್ತವೆ, ಸಾಗಣೆ ಖರ್ಚಿಲ್ಲ. ಮಂದೆ ಎದ್ದ ಮೇಲೆ ಹಗುರಾಗಿ ಹರಗಿ ಮುಚ್ಚಿ. ಕೆರೆ ಹೂಳಿನ ವಿಷಯದಲ್ಲಿ ಒಂದು ಎಚ್ಚರ: ಮಸಾರಿಗೆ ಅದು ವರದಾನ, ಜೇಡಿ ಮತ್ತು ಇಂಗಾಲ ಎರಡನ್ನೂ ತರುತ್ತದೆ. ಎರಿಗೆ ಹಾಕಿದರೆ ಇರುವ ಜೇಡಿಗೆ ಇನ್ನಷ್ಟು ಜೇಡಿ ಸೇರಿ ನೀರು ಬಸಿಯುವುದು ಕಷ್ಟವಾಗುತ್ತದೆ. ಹೂಳನ್ನೂ ಪರೀಕ್ಷೆ ಮಾಡಿಸಿಯೇ ಹಾಕಿ.

ಹೆಂಡಿ, ಗಂಜಲ, ಬೆಲ್ಲ ಕೂಡಿಸಿ ಕೊಳೆಸಿದ ಜೀವಾಮೃತ ಹಾಕುವವರು ಹಾಕಲಿ. ಆದರೆ ಅದು ಸೂಕ್ಷ್ಮಜೀವಿಗಳನ್ನು ಕೊಡುತ್ತದೆ, ಅವುಗಳ ಊಟವನ್ನು ಕೊಡುವುದಿಲ್ಲ. ಬರಿ ನೆಲಕ್ಕೆ ಜೀವಾಮೃತ ಸುರಿದು ಇಂಗಾಲದ ಅಂಕಿ ಏರುತ್ತದೆ ಎಂದು ನಂಬಬಾರದು. ಕಸ, ಸೊಪ್ಪು, ಬೇರು ಮಣ್ಣಿಗೆ ಸೇರಲೇಬೇಕು. ಹಾಗೆಯೇ ಒಣ ದಂಟಿನ ಪುಡಿಯನ್ನು ಮಣ್ಣಿಗೆ ಸೇರಿಸಿದ ಕೂಡಲೇ ಜೋಳ, ಗೋವಿನಜೋಳ ಬಿತ್ತಿದರೆ ಪೈರು ಹಳದಿಯಾಗುತ್ತದೆ, ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ತೆಗೆದುಕೊಂಡಿರುತ್ತವೆ. ಒಂದು ತಿಂಗಳ ಅಂತರ ಇಡಿ, ಇಲ್ಲವೇ ಕೊಳೆಸಿಯೇ ಹಾಕಿ.

ಹೆಜ್ಜೆ 6: ಬೆಳೆ ಜೋಡಣೆ

ವರ್ಷದಿಂದ ವರ್ಷಕ್ಕೆ ಗೋವಿನಜೋಳದ ಮೇಲೆ ಗೋವಿನಜೋಳ ಹಾಕಿದರೆ ಮೇಲೆ ಹೇಳಿದ ಯಾವ ಕೆಲಸವೂ ಪೂರ್ತಿ ಫಲ ಕೊಡುವುದಿಲ್ಲ. ನಡುವೆ ತೊಗರಿ ಸಾಲು ಬರಲಿ, ಒಂದು ವರ್ಷ ಶೇಂಗಾ ಅಥವಾ ಸೋಯಾ ಬರಲಿ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ, ಎಲೆ ಉದುರಿ ನೆಲ ಮುಚ್ಚುತ್ತದೆ. ಕುಂದಗೋಳ, ಗದಗ ಭಾಗದವರು ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದು ಬಂದವರು. ಮೊದಲು ಉಳ್ಳಾಗಡ್ಡಿ ಕಿತ್ತರೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ಮುಂಗಾರಿಯಿಂದ ಬೇಸಿಗೆ ಶುರುವಾಗುವವರೆಗೆ ನೆಲದಲ್ಲಿ ಜೀವಂತ ಬೇರು ಇದ್ದೇ ಇರುತ್ತದೆ. ಮಣ್ಣಿನ ದೃಷ್ಟಿಯಿಂದ ನೋಡಿದರೆ ಇದು ಬಹಳ ಬುದ್ಧಿವಂತ ಜೋಡಣೆ. ಒಂದೇ ಬೆಳೆಯ ಆಸೆಗೆ ಇದನ್ನು ಕೈಬಿಟ್ಟವರು ಮತ್ತೆ ಯೋಚಿಸಬೇಕು.

ಹೆಜ್ಜೆ 7: ರಸಗೊಬ್ಬರ, ಕಾರ್ಡು ನೋಡಿ

ರಸಗೊಬ್ಬರ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಅಳತೆ ಮೀರಿದ ಯೂರಿಯಾ ಬೇಡ. ಹೆಚ್ಚಾದ ಸಾರಜನಕ ಒದ್ದೆ ಮಣ್ಣಿನಲ್ಲಿ ನೈಟ್ರಸ್ ಆಕ್ಸೈಡ್ ಆಗಿ ಏಳುತ್ತದೆ. ಭೂಮಿ ಬಿಸಿ ಮಾಡುವ ಶಕ್ತಿಯಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಕ್ಷಾರದ ಕಡೆ ವಾಲಿರುವ ಎರಿಯಲ್ಲಿ ಮೇಲೆ ಎರಚಿ ಬಿಟ್ಟ ಯೂರಿಯಾ ಅಮೋನಿಯಾ ಆಗಿಯೂ ಹಾರುತ್ತದೆ. ಎರಡು ಮೂರು ಕಂತಿನಲ್ಲಿ, ಸಾಲಿನ ಬದಿಗೆ ಕೊಟ್ಟು, ಎಡೆಕುಂಟಿ ಹೊಡೆದು ಮುಚ್ಚಿ.

ಸತು, ಬೋರಾನ್, ಗಂಧಕದ ಸಾಲುಗಳನ್ನು ಓದದೆ ಬಿಡಬೇಡಿ. 2009ರಲ್ಲಿ ಶುರುವಾದ ರಾಜ್ಯದ ಭೂಚೇತನ ಕಾರ್ಯಕ್ರಮ ಮಣ್ಣು ಪರೀಕ್ಷೆ ಆಧರಿಸಿ ಇವುಗಳ ಕೊರತೆಯನ್ನೇ ಮುಂದಿಟ್ಟಿತು. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಕಲಸಿ ಹಾಕಬೇಡಿ, ಎರಡೂ ಕೂಡಿ ಬೆಳೆಗೆ ಸಿಗದಂತಾಗುತ್ತವೆ. ಬೋರಾನ್ ಕೊರತೆ ಕಂಡರೆ ಮಾತ್ರ, ಹೇಳಿದಷ್ಟೇ. ಹೆಚ್ಚಾದರೆ ಅದೇ ವಿಷ.

ಸವಳು-ಜವಳು ಇದ್ದಲ್ಲಿ

ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ, ನವಲಗುಂದ, ನರಗುಂದದ ಎರಿಯಲ್ಲಿ, ನೀರು ಹೆಚ್ಚಾಗಿ ಬಸಿಯದೆ ನಿಂತು ಉಪ್ಪು ಮೇಲೆ ಬಂದ ಹೊಲಗಳಿವೆ. ಇಲ್ಲಿ ಗೊಬ್ಬರಕ್ಕಿಂತ ಮೊದಲು ಬಸಿಗಾಲುವೆ. ಜಿಪ್ಸಂ ಹಾಕಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಕೆಲಸ ಮಾಡುವುದು ಸೋಡಿಯಂ ಹೆಚ್ಚಿರುವ ಕರ್ಲು ಮಣ್ಣಿಗೆ. ಬರೀ ಉಪ್ಪಿನ ಸವಳಿಗೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯುವುದೇ ಔಷಧ. ಎರಡರಲ್ಲಿ ಯಾವುದು ಎಂದು ಪ್ರಯೋಗಾಲಯವೇ ಹೇಳಬೇಕು, ಬಿಳಿ ಪದರು ಕಂಡ ಮಾತ್ರಕ್ಕೆ ಜಿಪ್ಸಂ ಚೀಲ ಇಳಿಸಬೇಡಿ.

ಮರುಪರೀಕ್ಷೆ

ಇಂಗಾಲದ ಅಂಕಿಯನ್ನು ಪ್ರತಿ ವರ್ಷ ನೋಡುವ ಅಗತ್ಯವಿಲ್ಲ, ಮೂರು ವರ್ಷಕ್ಕೊಮ್ಮೆ ಸಾಕು. ಅದೇ ತಿಂಗಳು, ಅದೇ ಆರು ಇಂಚು ಆಳ, ಅದೇ ಜಾಗಗಳು, ಸಾಧ್ಯವಾದರೆ ಅದೇ ಪ್ರಯೋಗಾಲಯ. ಇವುಗಳಲ್ಲಿ ಒಂದು ಬದಲಾದರೂ ಹಳೆಯ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ. ಲೋಟದ ಪರೀಕ್ಷೆ, ಡಬ್ಬಿಯ ಪರೀಕ್ಷೆಗಳನ್ನು ಮಾತ್ರ ವರ್ಷಕ್ಕೊಮ್ಮೆ ಮಾಡಿ, ಹೆಂಟೆ ಕುಸಿಯಲು ಹಿಡಿದ ಸಮಯ ಕಾರ್ಡಿನ ಅಂಕಿಗಿಂತ ಮೊದಲೇ ಬದಲಾಗುವುದುಂಟು. ಯಾವ ಹೊಲಕ್ಕೆ ಯಾವ ವರ್ಷ ಎಷ್ಟು ಗಾಡಿ ಗೊಬ್ಬರ, ಯಾವ ಬೆಳೆ, ಎಷ್ಟು ಚೀಲ ಯೂರಿಯಾ ಎಂದು ಒಂದು ವಹಿಯಲ್ಲಿ ಬರೆದು, ಕಾರ್ಡುಗಳನ್ನು ಪಹಣಿಯ ಜೊತೆಗೇ ಇಡಿ.